ಒಳಗೆ ಬಿಟ್ಟ ಕಾಲಿಂಚು

ನಮ್ಮ ಮನೆಯ ಹಿಂದಿನ ಕೋಣೆಯ ನೆಲದ ಮೇಲೆ, ನಟ್ಟನಡುವೆ, ಒಂದು ಸೀಮೆಸುಣ್ಣದ ಗೆರೆ ಇತ್ತು. ಗೆರೆಯ ಈಚೆಗೆ ನಮ್ಮ ಅತ್ತೆಯ ಹೊಲಿಗೆ ಯಂತ್ರ, ಬಟ್ಟೆ ಕತ್ತರಿಸುವ ಮೇಜು, ಗುಂಡಿಗಳ ಡಬ್ಬಿಗಳು. ಆಚೆಗೆ ನಮ್ಮ ಮಾವನ ಬೆಂಚು, ಉಳಿಗಳು, ಗೋಡೆಗೆ ಒರಗಿಸಿದ ಮರದ ತುಂಡುಗಳು. ಗೆರೆ ಎಳೆದವರು ಅತ್ತೆ. ಬಟ್ಟೆಗೆ ಗುರುತು ಹಾಕುವ ನೀಲಿ ಸೀಮೆಸುಣ್ಣದಲ್ಲಿ ಸೋಮವಾರ ಸೋಮವಾರ ಹೊಸದಾಗಿ ಎಳೆಯುತ್ತಿದ್ದರು. ಮಾವನ ಮರದ ಹೊಟ್ಟು ಗೆರೆ ದಾಟಿ ಬಂದರೆ ಪೊರಕೆಯಲ್ಲಿ ವಾಪಸ್ಸು ಆಚೆಗೇ ತಳ್ಳುತ್ತಿದ್ದರು. ಎತ್ತಿ ಹೊರಗೆ ಹಾಕುವವಳು ನಾನು, ಈ ಮನೆಯ ಸೊಸೆ. ಹದಿನೇಳು ವರ್ಷ ಗುಡಿಸಿದ ಹೊಟ್ಟನ್ನೆಲ್ಲ ಒಟ್ಟು ಹಾಕಿದ್ದರೆ ಒಂದು ನಿಜವಾದ ವಿಮಾನವನ್ನೇ ಮಾಡಬಹುದಿತ್ತು ಎಂದು ನಾನು ಗೊಣಗಿದರೆ, ಮಾವ ತಲೆ ಎತ್ತದೆ, "ಹೊಟ್ಟಿನಲ್ಲಿ ಮಾಡಿದ್ದು ಹಾರಲ್ಲಮ್ಮ" ಎನ್ನುತ್ತಿದ್ದರು. ಅವರದ್ದು ಹಾರುತ್ತಿತ್ತೇನೋ ಎಂಬಂತೆ.

ಮಾವ ಮಾಡುತ್ತಿದ್ದದ್ದು ಮರದ ವಿಮಾನಗಳು. ಆಟದ ಸಾಮಾನು ಎಂದು ಯಾರಾದರೂ ಅಂದರೆ ಅವತ್ತು ಅವರಿಗೆ ಟೀ ಸಿಗುತ್ತಿರಲಿಲ್ಲ. ಐವತ್ತು ವರ್ಷದ ಹಿಂದಿನ ಯುದ್ಧದಲ್ಲಿ ಮಾವ ವಿಮಾನಗಳ ಮೆಕ್ಯಾನಿಕ್ ಆಗಿದ್ದರು. ಆಗ ತಮ್ಮ ಕೈಯಲ್ಲಿ ರಿಪೇರಿಯಾದ ವಿಮಾನಗಳನ್ನು ಒಂದೊಂದಾಗಿ ನೆನಪಿಸಿಕೊಂಡು, ನಲವತ್ತೆಂಟರಲ್ಲಿ ಒಂದು ಪಾಲಿನ ಅಳತೆಗೆ ಇಳಿಸಿ, ಬಿಳಿಯ ಮೆದು ಮರದಲ್ಲಿ ಕೆತ್ತುತ್ತಿದ್ದರು. ಒಂದಕ್ಕೆ ಒಂದು ವರ್ಷ ಬೇಕಾಗುತ್ತಿತ್ತು. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ತಾವೇ ಒಯ್ದು ಒಲೆಗೆ ಹಾಕುತ್ತಿದ್ದರು. ಹಾಗೆ ಉರಿದುಹೋದವು ಎಷ್ಟೋ. ಉಳಿದು ನಮ್ಮ ನಡುಮನೆಯ ಗಾಜಿನ ಕಪಾಟು ಸೇರಿದವು ಹನ್ನೆರಡು. ಅವುಗಳ ಧೂಳು ಒರೆಸುವವಳೂ ನಾನೇ ಎಂದು ಬೇರೆ ಹೇಳಬೇಕಾಗಿಲ್ಲವಲ್ಲ.

ಹದಿಮೂರನೆಯದೊಂದು ಬಾಕಿ ಇತ್ತು. ಅದರ ಮಾತನ್ನು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಅದು ಅತ್ತೆಯ ಅಣ್ಣ ಹತ್ತಿ ಹೋದ ವಿಮಾನ. ಅವರು ಅದರ ರೇಡಿಯೋ ನೋಡಿಕೊಳ್ಳುತ್ತಿದ್ದರು, ಮಾವನಿಗೆ ಜೀವದ ಗೆಳೆಯ, ದಪ್ಪಗಿದ್ದುದರಿಂದ ಎಲ್ಲರ ಬಾಯಲ್ಲೂ 'ಗುಂಡ'. ಒಂದು ಬೆಳಿಗ್ಗೆ ಹೋದವರು ತಿರುಗಿ ಬರಲಿಲ್ಲ. ಗುಂಡನ ಟ್ರಂಕನ್ನು ಮನೆಗೆ ತಲುಪಿಸಲು ಬಂದ ಮೆಕ್ಯಾನಿಕ್ಕೇ ಎರಡು ವರ್ಷ ಬಿಟ್ಟು ಆ ಮನೆಯ ಅಳಿಯನಾದ. ಅಂದಿನಿಂದ ಮಾವ ಆ ಬೆಳಿಗ್ಗೆಯ ಬಗ್ಗೆ ಏನೋ ಹೇಳಲು ಹೊರಟಾಗಲೆಲ್ಲ ಅತ್ತೆ ಎದ್ದು ಹೋಗುತ್ತಿದ್ದರು. ನಾನೇ ನಾಲ್ಕೈದು ಸಲ ಕಂಡಿದ್ದೇನೆ. "ಗುಂಡ ಅವತ್ತು..." ಎನ್ನುವಷ್ಟರಲ್ಲಿ ಅತ್ತೆಗೆ ಒಲೆಯ ಮೇಲೆ ಏನೋ ಉಕ್ಕುತ್ತಿರುವುದು ನೆನಪಾಗುತ್ತಿತ್ತು. ಒಲೆಯೇ ಹಚ್ಚಿರುತ್ತಿರಲಿಲ್ಲ.

ಹೀಗಿರುವಾಗ ಮಾವನ ಕಣ್ಣು ಕೈಕೊಟ್ಟಿತು. ಎಡಗಣ್ಣು ಮಂಜಾಗಿ ಎರಡು ವರ್ಷವಾಗಿತ್ತು. ಈಗ ಬಲಗಣ್ಣೂ ಅದೇ ದಾರಿ ಹಿಡಿಯಿತು. ಡಾಕ್ಟರು ಆರು ವಾರ ಬಿಟ್ಟು ಆಪರೇಷನ್ನಿಗೆ ದಿನ ಕೊಟ್ಟರು. ಆ ಸಂಜೆ ಊಟಕ್ಕೆ ಕೂತಾಗ ಮಾವ ಸುದ್ದಿ ಹೇಳಿದರು.

"ಆಪರೇಷನ್ ಆದ್ಮೇಲೆ ಕಾಣುತ್ತಾ ಅಂತ ಕೇಳಿದೆ. 'ನೋಡೋಣ' ಅಂದ. ಕಣ್ಣು ಕಾಣದೋನ ಹತ್ರ ನೋಡೋಣ ಅಂತಾನೆ."

"ಅವರು ಹಾಗೇ ಹೇಳೋದು ಅಪ್ಪಾ. ಎಲ್ಲರಿಗೂ ಸರಿಹೋಗುತ್ತೆ," ಎಂದರು ನನ್ನ ಗಂಡ. ಬಸ್ ಡ್ರೈವರ್. ಕಣ್ಣಿನ ವಿಷಯ ಬಂದರೆ ತಾವೇ ಅರ್ಧ ಡಾಕ್ಟರು.

"ಸರಿಹೋದ್ರೆ ಹೋಯ್ತು. ಹೋಗದಿದ್ರೆ?" ಮಾವ ಬ್ರೆಡ್ಡಿನ ತುಂಡನ್ನು ತಟ್ಟೆಯ ಅಂಚಿಗಿಟ್ಟರು. "ಅದಕ್ಕೆ ಮೊದಲೇ ಗುಂಡನ ವಿಮಾನ ಮಾಡಿ ಮುಗಿಸ್ತೀನಿ. ವರ್ಷ ಹಿಡಿಯೋ ಬಣ್ಣ, ಬಾರೀಕು ಕೆಲಸ ಎಲ್ಲ ಬಿಟ್ಟು, ಬರೀ ಮರದ್ದು."

ಅತ್ತೆ ಆಲೂಗಡ್ಡೆ ಬಡಿಸುತ್ತಿದ್ದರು. ಚಮಚ ನಿಂತಿತು.

"ಆ ವಿಮಾನ ಈ ಮನೇಲಿ ಬೇಡ."

"ಅದರ ಒಳಗೂ ಹೊರಗೂ ಗೊತ್ತಿರೋನು ಅಂತ ಉಳಿದಿರೋದು ನಾನೊಬ್ಬ. ಈ ಕಣ್ಣು ಹೋದ್ರೆ ಅದೂ ಹೋಯ್ತು. ಅಲ್ದೆ ನಿನಗೆ ನಾನು ಒಂದು ಮಾತು ಹೇಳ್ಬೇಕಾಗಿದೆ ಕಣೇ, ಆ ದಿನ..."

"ನೀವೇನೂ ಹೇಳ್ಬೇಕಾಗಿಲ್ಲ."

"ಐವತ್ತು ವರ್ಷ ಆಯ್ತಲ್ಲೇ."

"ನನಗೆ ಆಗಿಲ್ಲ," ಎಂದು ಅತ್ತೆ ಪಾತ್ರೆಯನ್ನು ನನ್ನ ಕೈಗೆ ಕೊಟ್ಟು ಎದ್ದುಹೋದರು. ಆಲೂಗಡ್ಡೆ ನಾನು ಬಡಿಸಿದೆ. ಯಾರೂ ಸರಿಯಾಗಿ ತಿನ್ನಲಿಲ್ಲ.

ಮಾರನೆಯ ದಿನದಿಂದ ಗಂಡಹೆಂಡಿರ ಮಾತು ಬಂದ್. ಇಬ್ಬರೂ ಕೂತಿರುತ್ತಿದ್ದದ್ದು ಅದೇ ಹಿಂದಿನ ಕೋಣೆಯಲ್ಲಿ, ಆರು ಮೊಳ ದೂರದಲ್ಲಿ, ನಡುವೆ ಆ ನೀಲಿ ಗೆರೆ. ಆದರೆ ಎಲ್ಲ ಮಾತೂ ನಮ್ಮ ಮಗಳ ಮೂಲಕ. ನಮ್ಮ ಮಗಳಿಗೆ ಹದಿನಾಲ್ಕು; ಎಲ್ಲರ ತಪ್ಪು ತಿದ್ದುವ ಚಾಳಿ ಇರುವುದರಿಂದ ಮನೆಯಲ್ಲಿ ಅವಳಿಗೆ 'ಮೇಷ್ಟ್ರು' ಅಂತಲೇ ಹೆಸರು.

"ಮೇಷ್ಟ್ರೇ, ಕತ್ತರಿ ಬೇಕಂತೆ ಅಂತ ನಿಮ್ಮಜ್ಜಿಗೆ ಹೇಳು."

"ತಾತ, ಅಜ್ಜಿಗೆ ಕಿವಿ ಕೇಳ್ಸುತ್ತೆ. ಹಾಳಾಗಿರೋದು ನಿಮ್ಮ ಕಣ್ಣು."

"ಬಟ್ಟೆ ಕತ್ತರಿಯಲ್ಲಿ ರಟ್ಟು ಕತ್ತರಿಸೋ ಹಾಗಿಲ್ಲ ಅಂತ ನಿಮ್ಮ ತಾತನಿಗೆ ಹೇಳಮ್ಮ," ಎಂದು ಅತ್ತೆ ಯಂತ್ರ ತುಳಿಯುತ್ತಲೇ ಅನ್ನುತ್ತಿದ್ದರು.

ನನಗೆ ರೇಗಿಹೋಗುತ್ತಿತ್ತು. ಬೆಳಿಗ್ಗೆಯಿಂದ ಸಂಜೆಯತನಕ ಅಂಚೆ ಕಚೇರಿಯ ಕೌಂಟರಿನಲ್ಲಿ ಊರವರ ಕಾಗದಗಳನ್ನು ಅಲ್ಲಿಂದಿಲ್ಲಿಗೆ ದಾಟಿಸಿ ಮನೆಗೆ ಬಂದರೆ ಇಲ್ಲೂ ಅದೇ ಕೆಲಸ. ಒಂದು ದಿನ ಅಂದೇಬಿಟ್ಟೆ: "ಇನ್ಮೇಲೆ ಚೀಟಿ ಬರೆದು ಕೊಡಿ. ಸ್ಟಾಂಪ್ ಹಚ್ಚಿದ್ರೆ ಮಾತ್ರ ತಲುಪಿಸ್ತೀನಿ." ಅತ್ತೆಯ ತುಟಿಯಂಚಿನಲ್ಲಿ ನಗು ಬಂತು. ಮಾವ ಕೆಮ್ಮಿದರು. ಆದರೆ ಮಾತು ಆಡಲಿಲ್ಲ, ಹಠದಲ್ಲಿ ಒಬ್ಬರಿಗಿಂತ ಒಬ್ಬರು.

ಮಾವನ ತೊಂದರೆ ಬೇರೆಯೇ ಇತ್ತು. ಕೆತ್ತನೆಗೆ ಕೈ ಸಾಕು, ಬೆರಳು ಸವರಿದರೆ ಉಬ್ಬುತಗ್ಗು ಗೊತ್ತಾಗುತ್ತದೆ. ಆದರೆ ಮೊದಲು, ಹಿಂದೆ ತಾವೇ ಬರೆದಿಟ್ಟ ನಕ್ಷೆಯ ಗೆರೆಯನ್ನು ರಟ್ಟಿಗೆ ಇಳಿಸಿ, ಪ್ರತಿ ವಿಮಾನಕ್ಕೂ ಹೊಸದಾಗಿ ಅಚ್ಚು ಕತ್ತರಿಸಬೇಕು, ಆ ಅಚ್ಚನ್ನು ಮರದ ಮೇಲಿಟ್ಟು ಗುರುತು ಹಾಕಬೇಕು. ನಕ್ಷೆಯ ಗೆರೆ ನೂಲಿನಷ್ಟು ತೆಳು. ಮಾವನಿಗೆ ಕಾಣುತ್ತಿದ್ದದ್ದು ಬಿಳಿಯ ಕಾಗದ ಮಾತ್ರ. ಮಗನನ್ನು ಕರೆದರು. ನನ್ನ ಗಂಡ ನಾಲಿಗೆ ಕಚ್ಚಿಕೊಂಡು ಒಂದು ಗಂಟೆ ಕತ್ತರಿಸಿದರು. ಮೇಷ್ಟ್ರು ಅದನ್ನೆತ್ತಿ ನೋಡಿ, "ಅಪ್ಪಾ, ಇದು ಬದನೆಕಾಯಿ," ಎಂದಳು.

"ತಿರುವು ಜಾಸ್ತಿ ಇದ್ರೆ ನಾನೇನು ಮಾಡ್ಲಿ."

"ಬಸ್ಸೂ ಹೀಗೇ ಓಡಿಸ್ತೀಯೇನೋ?" ಎಂದರು ಮಾವ, ಅಂಚನ್ನು ಬೆರಳಲ್ಲಿ ಸವರಿ.

ಮೇಷ್ಟ್ರಿಗೆ ಪರೀಕ್ಷೆ ಹತ್ತಿರ ಬಂದಿತ್ತು. ನನ್ನನ್ನು ಕೇಳಲಿಲ್ಲ, ನಾನು ಒಂದು ಬ್ರೆಡ್ಡನ್ನೂ ನೆಟ್ಟಗೆ ಕೊಯ್ಯಲಾರೆ ಎಂಬುದು ಮನೆಗೆಲ್ಲ ಗೊತ್ತು. ಒಂಬತ್ತನೆಯ ದಿನ ಮಾವ ತಾವೇ ಕತ್ತರಿಸಲು ಹೊರಟರು. ಚಾಕು ಜಾರಿ ಎಡಗೈ ಹೆಬ್ಬೆರಳಿಗೆ ಇಳಿಯಿತು. ಅತ್ತೆ ಯಂತ್ರ ನಿಲ್ಲಿಸಿದರು, ಗೆರೆ ದಾಟಿದರು, ಕೈ ಹಿಡಿದು ನಲ್ಲಿಯ ಕೆಳಗಿಟ್ಟು ತೊಳೆದರು, ಹತ್ತಿಬಟ್ಟೆಯ ಪಟ್ಟಿ ಹರಿದು ಬಿಗಿಯಾಗಿ ಸುತ್ತಿದರು. "ಬಿಗಿಯಾಯ್ತೇ?" ಎಂದು ಕೂಡ ಕೇಳಲಿಲ್ಲ. ವಾಪಸ್ಸು ಹೋಗಿ ಯಂತ್ರದ ಮುಂದೆ ಕೂತರು. ಆದರೆ ತುಂಬ ಹೊತ್ತು ತುಳಿಯುವ ಸದ್ದು ಬರಲಿಲ್ಲ.

ಮಾರನೆಯ ಬೆಳಿಗ್ಗೆ ನಾನು ಗುಡಿಸಲು ಹೋದಾಗ ಮಾವನ ಬೆಂಚಿನ ಮೇಲೆ, ಗೆರೆಯ ಆಚೆ, ರಟ್ಟಿನ ಅಚ್ಚುಗಳು ಸಾಲಾಗಿದ್ದವು. ವಿಮಾನದ ಹೊಟ್ಟೆಯದು ಪಕ್ಕದಿಂದ ಒಂದು, ಮೇಲಿನಿಂದ ಒಂದು, ಅಡ್ಡಕ್ಕೆ ಏಳು. ಒಂದೊಂದರ ಮೇಲೂ ನೀಲಿ ಸೀಮೆಸುಣ್ಣದಲ್ಲಿ ನಂಬರು. ಅಂಚುಗಳು ಎಷ್ಟು ನುಣುಪಾಗಿದ್ದವೆಂದರೆ ಮುಟ್ಟಲು ಮನಸ್ಸು ಬರಲಿಲ್ಲ. ಮಾವ ಬಂದು ಒಂದೊಂದನ್ನೂ ಬೆರಳಲ್ಲಿ ಸವರಿದರು. ಯಾರು ಮಾಡಿದ್ದು ಎಂದು ಕೇಳುವ ಅಗತ್ಯ ಇರಲಿಲ್ಲ.

"ಮೇಷ್ಟ್ರೇ," ಎಂದರು, "ಚೆನ್ನಾಗಿದೆ ಅಂತ ಹೇಳು."

"ಯಾರಿಗೆ ತಾತ?"

"ಯಾರಿಗಾದ್ರೂ."

ಅತ್ತೆ ಸೂಜಿಗೆ ದಾರ ಪೋಣಿಸುತ್ತಿದ್ದರು. ಕೇಳಿಸಿತು ಎಂದು ನನಗೆ ಗೊತ್ತಾಯಿತು, ದಾರ ಎರಡು ಸಲ ತಪ್ಪಿತು.

ಮುಂದಿನ ಎರಡು ವಾರ ಮಾವನನ್ನು ಊಟಕ್ಕೂ ಕರೆದು ಕರೆದು ಎಬ್ಬಿಸಬೇಕಾಯಿತು. ಮೊದಲು ದೊಡ್ಡ ಉಳಿ, ಆಮೇಲೆ ಸಣ್ಣದು, ಆಮೇಲೆ ಬಾಗಿದ ಚಾಕು, ಕೊನೆಗೆ ಉಪ್ಪುಕಾಗದ ಹಿಡಿದು ಉಜ್ಜಾಟ. ಅಡ್ಡ ಅಚ್ಚುಗಳನ್ನು ಮರಕ್ಕೆ ಹಿಡಿದು ಬೆಳಕು ನುಸುಳುತ್ತದೆಯೇ ಎಂದು ಮೇಷ್ಟ್ರ ಕೈಯಲ್ಲಿ ನೋಡಿಸುತ್ತಿದ್ದರು. ಎಲ್ಲೂ ನುಸುಳಲಿಲ್ಲ. ಟೀ ಆರಿ ತಣ್ಣಗಾಗುತ್ತಿತ್ತು, ನಾನು ಬಿಸಿಮಾಡಿ ತರುತ್ತಿದ್ದೆ, ಅದೂ ಆರುತ್ತಿತ್ತು. ಒಂದು ದಿನ ಅತ್ತೆ ಲೋಟವನ್ನೆತ್ತಿ ಮಾವನ ಕೈಗೇ ಹಿಡಿಸಿ, ಅವರು ಕುಡಿದು ಮುಗಿಸುವತನಕ ಕಾವಲು ನಿಂತರು. ಅದೂ ಬಾಯಿ ಬಿಡದೆ.

ಇಪ್ಪತ್ತನಾಲ್ಕನೆಯ ದಿನ ಭಾನುವಾರ. ಎಲ್ಲರೂ ಮನೆಯಲ್ಲಿದ್ದೆವು. ಉಜ್ಜಿ ಮುಗಿದ ಒಡಲನ್ನು ಮಾವ ಕಪಾಟಿನ ಹತ್ತಿರ ತಂದು, ಅದೇ ಜಾತಿಯ ಇನ್ನೊಂದು ವಿಮಾನದ ಪಕ್ಕ ಇಟ್ಟು ಮೇಷ್ಟ್ರನ್ನು ಕರೆದರು.

"ಹೇಗಿದೆ ನೋಡು."

ಅವಳು ಈ ಪಕ್ಕದಿಂದ ನೋಡಿದಳು, ಆ ಪಕ್ಕದಿಂದ ನೋಡಿದಳು. "ತಾತ, ಬೇಜಾರು ಮಾಡ್ಕೋಬೇಡಿ. ಇದು ಗರ್ಭಿಣಿ."

"ಏನಂದೆ?"

"ಪಕ್ಕದ್ದಕ್ಕಿಂತ ಎಲ್ಲಾ ಕಡೆನೂ ದಪ್ಪ ಇದೆ."

ಮಾವ ಎರಡೂ ವಿಮಾನಗಳ ಮೇಲೆ ಒಂದೊಂದು ಕೈ ಇಟ್ಟರು. ಆಪರೇಷನ್ನಿಗೆ ಹದಿನೆಂಟು ದಿನ ಉಳಿದಿತ್ತು.

"ಅಚ್ಚು ಸರಿಯಾಗಿದೆ," ಎಂದರು ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತು. ಯಾರಿಗೂ ಅಲ್ಲ, ಗಾಳಿಗೆ. "ಗೆರೆ ಮೇಲೇ ಎಳೆದಿದ್ದೀನಿ. ಇಷ್ಟು ವರ್ಷದಲ್ಲಿ ನನ್ನ ಕತ್ತರಿ ಅಡ್ಡ ಹೋಗಿಲ್ಲ."

ಮೇಷ್ಟ್ರು ನಕ್ಷೆ ತಂದಳು, ಅಚ್ಚು ತಂದಳು, ಅಳತೆಪಟ್ಟಿ ತಂದಳು. ಊಟದ ಮೇಜಿನ ಮೇಲೆ ಒಂದರ ಮೇಲೊಂದು ಇಟ್ಟು ಅಳೆದಳು. "ವಿಚಿತ್ರ. ಮೂಗಿನಿಂದ ಬಾಲದತನಕ ಒಂದೇ ಸಮ ಹೆಚ್ಚಿದೆ. ಕಾಲಿಂಚು."

ಅತ್ತೆ ಕೈ ಒರೆಸಿಕೊಂಡು ಬಂದು ಅಚ್ಚನ್ನು ಎತ್ತಿಕೊಂಡರು. ಅಂಚಿನ ಗುಂಟ ಹೆಬ್ಬೆರಳು ಓಡಿಸಿದರು. ಆಮೇಲೆ ನಿಧಾನವಾಗಿ ಕುರ್ಚಿಯ ಮೇಲೆ ಕೂತರು.

"ಒಳಗೆ ಬಟ್ಟೆ ಬಿಟ್ಟುಬಿಟ್ಟಿದ್ದೀನಿ," ಎಂದರು.

ನಮಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಬಟ್ಟೆ ಕತ್ತರಿಸುವವರು ಗೆರೆಯ ಮೇಲೇ ಕತ್ತರಿಸುವುದಿಲ್ಲ; ಹೊಲಿಗೆಗೆ ಅಂತ, ಮುಂದೆ ಬಿಚ್ಚಿ ದೊಡ್ಡದು ಮಾಡಲು ಅಂತ ಗೆರೆಯ ಹೊರಗೆ ಕಾಲಿಂಚು ಬಿಟ್ಟು ಕತ್ತರಿಸುತ್ತಾರೆ, ಹೊಲಿದ ಮೇಲೆ ಅದು ಒಳಗೆ ಮಡಚಿ ಉಳಿಯುತ್ತದೆ. ಆ ಕೈ ರಟ್ಟಿಗೂ ಅದೇ ಮಾಡಿತ್ತು. ಮೊದಲು ನಕ್ಕವರು ನನ್ನ ಗಂಡ. ನಾನೂ ತಡೆಯಲಾರದೆ ನಕ್ಕೆ. ಮೇಷ್ಟ್ರಂತೂ ಮೇಜಿನ ಮೇಲೆ ತಲೆಯಿಟ್ಟು ನಕ್ಕಳು. ಕೊನೆಗೆ ಮಾವನ ಮೀಸೆಯೂ ಅಲುಗಿತು.

"ಮರಕ್ಕೆ ಹೊಲಿಗೆ ಹಾಕ್ತಾರೇನೇ?" ಎಂದರು. ಇಪ್ಪತ್ತನಾಲ್ಕು ದಿನಗಳಲ್ಲಿ ಹೆಂಡತಿಗೆ ನೇರವಾಗಿ ಆಡಿದ ಮೊದಲ ಮಾತು. "ಹೋಗ್ಲಿ ಬಿಡು. ಕಡಿಮೆಯಾಗಿದ್ರೆ ಒಲೆಗೆ ಹೋಗ್ತಿತ್ತು. ಹೆಚ್ಚಾಗಿದ್ರೆ ಏನಂತೆ, ಕೆತ್ತಿ ತೆಗೆದ್ರಾಯ್ತು. ಹದಿನೆಂಟು ದಿನ ಇದೆ. ಮೇಷ್ಟ್ರೇ, ಸಣ್ಣ ಉಳಿ ತಗೊಂಡು ಬಾ."

ಉಳಿ ಬಂತು. ಮಾವ ಒಡಲನ್ನು ಎದೆಗೆ ಆನಿಸಿಕೊಂಡು ಮೊದಲ ಏಟಿಗೆ ಜಾಗ ಹುಡುಕುತ್ತಿದ್ದರು. ಅತ್ತೆ ಅವರ ಮಣಿಕಟ್ಟು ಹಿಡಿದರು.

"ಬೇಡ. ತೆಗೀಬೇಡಿ."

"ಅಳತೆ ತಪ್ಪಿದೆ ಕಣೇ."

"ತಪ್ಪಿರಲಿ," ಎಂದರು ಅತ್ತೆ. "ಕೊನೇ ರಜಕ್ಕೆ ಬಂದಾಗ ಅವನ ಕೋಟು ಬಿಗಿ ಆಗಿತ್ತು. ಗುಂಡಿ ಹಾಕಿದ್ರೆ ಉಸಿರಾಡೋಕೆ ಆಗ್ತಿರ್ಲಿಲ್ಲ. ನಾನು ಆಗ ತಾನೇ ಹೊಲಿಗೆ ಕಲಿತಿದ್ದೆ. ಒಂದು ಮಧ್ಯಾಹ್ನ ಕೂತು ಎರಡೂ ಪಕ್ಕ ಬಿಚ್ಚಿ ಸಡಿಲ ಮಾಡಿದೆ. ಒಳಗೆ ಇನ್ನೂ ಕಾಲಿಂಚು ಬಟ್ಟೆ ಇತ್ತು. ಅದನ್ನ ಬಿಚ್ಚಲಿಲ್ಲ. 'ಮುಂದಿನ ಸಲ ಇನ್ನೂ ದಪ್ಪಗಾಗಿ ಬರ್ತೀಯ, ಆಗ ಬಿಚ್ತೀನಿ' ಅಂತ ತಮಾಷೆ ಮಾಡಿ ಇಟ್ಟುಕೊಂಡೆ."

ಅತ್ತೆ ಮಣಿಕಟ್ಟು ಬಿಟ್ಟು ಅಚ್ಚನ್ನು ತಮ್ಮ ಕಡೆ ಎಳೆದುಕೊಂಡರು.

"ಅವತ್ತೇ ಪೂರ್ತಿ ಬಿಚ್ಚಿ ಕೊಡಬೇಕಾಗಿತ್ತು. ಎಷ್ಟು ಹೊತ್ತಿನ ಕೆಲಸ? ಕೊನೇ ಹೊತ್ತಲ್ಲಿ ಆ ಕೋಟು ಅವನ ಎದೆ ಹಿಡಿದಿತ್ತೇನೋ, ಬಿಗಿಯಾಗೇ ಕೂತಿದ್ನೇನೋ. ಇಷ್ಟು ವರ್ಷ ಯಾರ ಕೋಟು ಬಿಚ್ಚಿದ್ರೂ ನನಗೆ ಅದೇ ನೆನಪು."

ಮಾವ ಉಳಿಯನ್ನು ಕೆಳಗಿಟ್ಟರು. ಬಾಯಿ ತೆರೆದರು. ಅತ್ತೆ ತಲೆಯಾಡಿಸಿದರು. "ಈಗ ಏನೂ ಹೇಳ್ಬೇಡಿ. ಇವತ್ತು ನನ್ನ ಕೈಲಿ ಆಗಲ್ಲ."

"ಸರಿ. ನೀನು ಕೇಳಿದಾಗಲೇ ಹೇಳ್ತೀನಿ," ಎಂದರು ಮಾವ. ಸ್ವಲ್ಪ ಹೊತ್ತು ಒಡಲನ್ನು ಸವರುತ್ತ ಕೂತರು. ಕೂದಲೆಳೆಯಷ್ಟು ತಪ್ಪಿಗೆ ವರ್ಷದ ಕೆಲಸವನ್ನು ಒಲೆಗೆ ಹಾಕಿದ ಮನುಷ್ಯ. "ಇನ್ನು ರೆಕ್ಕೆ ಬಾಕಿ ಇದೆ. ಬಾಲ, ಇಂಜಿನ್ನು. ಇಷ್ಟು ದಪ್ಪ ಹೊಟ್ಟೆಗೆ ಸಣ್ಣ ರೆಕ್ಕೆ ಹಾಕಿದ್ರೆ ನಗೆಪಾಟಲು. ಎಲ್ಲಾದಕ್ಕೂ ಒಳಗೆ ಬಟ್ಟೆ ಬಿಟ್ಟೇ ಕತ್ತರಿಸು."

ಅತ್ತೆ ಸೆರಗಿನಲ್ಲಿ ಮೂಗು ಒರೆಸಿಕೊಂಡು, "ಕಾಲಿಂಚು ಸಾಕಾ?" ಎಂದರು.

"ಸಾಕು. ಅವನೇನು ಆನೆಯಾಗಿದ್ನಾ?"

ಆಮೇಲಿನ ದಿನಗಳಲ್ಲಿ ಮಾತು ಶುರುವಾಯಿತು, ಅದರ ಜೊತೆಗೆ ಜಗಳವೂ. "ನೆಟ್ಟಗೆ ಹಿಡೀರಿ." "ಹಿಡಿದಿದ್ದೀನಲ್ಲ." "ಅಲ್ಲಿ ಇನ್ನೂ ತರಿ ಇದೆ." "ಐವತ್ತು ವರ್ಷದಿಂದ ಕೆತ್ತುತ್ತಿರೋನಿಗೆ ಪಾಠ ಹೇಳ್ತೀಯಾ?" "ನಿಮಗೆ ಕಾಣಲ್ಲ, ನನಗೆ ಕಾಣುತ್ತೆ." ಮೊದಲಿನ ಮೌನಕ್ಕಿಂತ ಇದೇ ಮೇಲು ಎಂದು ನಾನು ಅಡುಗೆಮನೆಯಲ್ಲಿ ನಿಂತು ನಗುತ್ತಿದ್ದೆ. ಆಪರೇಷನ್ನಿಗೆ ಎರಡು ದಿನ ಇರುವಾಗ ಬಾಲದ ಕೊನೆಯ ತುಂಡನ್ನು ಅಂಟಿಸಿದರು. ಬಣ್ಣ ಬಳಿಯಲಿಲ್ಲ. ಕಪಾಟಿನಲ್ಲೂ ಇಡಲಿಲ್ಲ, ಇಟ್ಟರೆ ಅದರ ಬಾಗಿಲು ಮುಚ್ಚುತ್ತಿರಲಿಲ್ಲ. ಊಟದ ಮೇಜಿನ ಕೊನೆಗೆ ಇಟ್ಟರು. ನಾನು ತಟ್ಟೆಗಳನ್ನು ಈಚೆಗೆ ಸರಿಸಿದೆ, ಗೊಣಗಲಿಲ್ಲ.

ಆಪರೇಷನ್ ಆಯಿತು. ಎಡಗಣ್ಣಿಗೆ ಏನೂ ಮಾಡಲಾಗದು ಎಂದರು. ಬಲಗಣ್ಣು ಉಳಿಯಿತು. ಪಟ್ಟಿ ಬಿಚ್ಚಿಸಿಕೊಂಡು ಮಾವ ಮನೆಗೆ ಬಂದಾಗ ಮಧ್ಯಾಹ್ನದ ಊಟದ ಹೊತ್ತು. ಹೊಸಿಲಲ್ಲೇ ನಿಂತು ಒಬ್ಬೊಬ್ಬರ ಮುಖವನ್ನೂ ನೋಡಿದರು. "ಏನಮ್ಮಾ, ನಿನ್ನ ತಲೆ ಯಾವಾಗ ಇಷ್ಟು ನರೆತಿದ್ದು?" ಎಂದು ನನ್ನನ್ನು ಕೇಳಿದರು. "ನಿಮ್ಮ ಹೊಟ್ಟು ಗುಡಿಸಿ," ಎಂದೆ. ಕಣ್ಣು ಬಂದ ಖುಷಿಗೆ ನನಗೆ ಅಳುವೇ ಬಂದಿತ್ತು, ಬೈದು ಮುಚ್ಚಿಕೊಂಡೆ.

ಮಾವ ಮೇಜಿನ ಹತ್ತಿರ ಬಂದು ವಿಮಾನವನ್ನು ನೋಡಿದರು. ಕೈಯಲ್ಲಿ ಮಾಡಿದ್ದನ್ನು ಕಣ್ಣಲ್ಲಿ ಕಾಣುತ್ತಿದ್ದದ್ದು ಆಗಲೇ.

"ಅಬ್ಬ," ಎಂದರು. "ಇಷ್ಟು ದಪ್ಪವಾ?"

"ನಾನು ಹೇಳಿದ್ನಲ್ಲ ತಾತ," ಎಂದಳು ಮೇಷ್ಟ್ರು.

ಮಾವ ನಗುತ್ತ ಕೂತರು. ನಾನು ಮೊಟ್ಟೆ, ಬ್ರೆಡ್ಡು ತಂದಿಟ್ಟೆ. ಅತ್ತೆ ಎಲ್ಲರಿಗೂ ಬಡಿಸಿದರು, ತಾವೂ ಕೂತರು. ಒಂದು ತುತ್ತು ತಿಂದಿರಬೇಕು. ವಿಮಾನದ ಕಡೆ ನೋಡುತ್ತ ಕೇಳಿದರು:

"ಅವನು ಎಲ್ಲಿ ಹತ್ತುತ್ತಿದ್ದ?"

ಮಾವ ಬ್ರೆಡ್ಡು ಕೆಳಗಿಟ್ಟರು. ಕೈ ಒರೆಸಿಕೊಂಡು ರೆಕ್ಕೆಯ ಹಿಂದೆ ಒಂದು ಕಡೆ ಬೆರಳಿಟ್ಟರು. "ಇಲ್ಲಿ. ಇಷ್ಟಗಲದ ಬಾಗಿಲು. ಮಿಕ್ಕೋರು ಸಲೀಸಾಗಿ ನುಗ್ಗುತ್ತಿದ್ರು. ಗುಂಡ ಮಾತ್ರ ಪ್ರತಿ ಸಲ ಸಿಕ್ಕಿಹಾಕ್ಕೊಳ್ತಿದ್ದ. ನಾನು ಕೆಳಗಿಂದ ಹೆಗಲು ಕೊಟ್ಟು ತಳ್ಳಬೇಕಾಗಿತ್ತು. ಮೇಲಿಂದ ಬೈತಿದ್ದ, ಕೆಳಗಿಂದ ನಾನು ಬೈತಿದ್ದೆ."

ಮೇಷ್ಟ್ರು ಕಿಸಕ್ಕನೆ ನಕ್ಕಳು. ಅತ್ತೆಯೂ ನಕ್ಕರು. ಅಣ್ಣನ ಮಾತಿಗೆ ಅವರು ನಕ್ಕಿದ್ದನ್ನು ನಾನು ಕಂಡದ್ದು ಅದೇ ಮೊದಲು. ಆಮೇಲೆ ಸಣ್ಣ ದನಿಯಲ್ಲಿ, "ಆ ದಿನಾನೂ?" ಎಂದರು.

"ಆ ದಿನಾನೂ ಹೆಗಲು ಕೊಡೋಕೆ ಹೋದೆ. 'ಬೇಡ ಕಣೋ, ಇವತ್ತು ಬೇಡ' ಅಂದ. ಎರಡೂ ಕೈ ಮೇಲೆತ್ತಿ, ಹೀಗೆ ಒಂದು ಸುತ್ತು ತಿರುಗಿ ತೋರಿಸಿದ. 'ನೋಡು, ನನ್ನ ತಂಗಿ ಕೋಟು ಸಡಿಲ ಮಾಡಿ ಕೊಟ್ಟಿದ್ದಾಳೆ. ಉಸಿರು ಹೊಟ್ಟೆತನಕ ಹೋಗ್ತಿದೆ' ಅಂದ. ತಾನೇ ಹತ್ತಿ ಒಳಗೆ ಹೋದ. ಬಾಗಿಲು ಮುಚ್ಚಿದ್ದು ನಾನೇ."

ಅತ್ತೆ ತಟ್ಟೆಯ ಎರಡೂ ಅಂಚನ್ನು ಹಿಡಿದುಕೊಂಡು ಕೂತಿದ್ದರು. ಎದ್ದು ಹೋಗುತ್ತಾರೇನೋ ಎಂದು ನಾನು ಕುರ್ಚಿ ಹಿಂದಕ್ಕೆ ಸರಿಸಿದೆ. ಅವರು ಏಳಲಿಲ್ಲ.

"ಏನಂದ?" ಎಂದರು. "ಇನ್ನೊಂದ್ಸಲ ಹೇಳಿ."

ಮಾವ ಕುರ್ಚಿಯನ್ನು ಅವರ ಹತ್ತಿರಕ್ಕೆ ಎಳೆದುಕೊಂಡು, ಮೊದಲಿನಿಂದ ಇನ್ನೊಂದು ಸಲ ಹೇಳಿದರು.